ಸೋಮವಾರದ ಸೂಜಿ

ಗುರುಶಾಂತಮ್ಮ ಯಾರ ತಂಟೆಗೂ ಹೋದವಳಲ್ಲ. ಗಂಡ ತೀರಿಕೊಂಡ ಮೇಲೆ ಅವಳಿಗೆ ಉಳಿದದ್ದು ಅಜ್ಜಂಪುರದ ಆಚೆ ನಮ್ಮೂರಿನ ಎರೆಹೊಲದಲ್ಲಿ ಒಂದು ತುಂಡು, ಒಂದು ಜೊತೆ ಎತ್ತು. ಆಳಿನ ಕೈಲಿ ಉಳುಮೆ ಮಾಡಿಸಿ, ಮಿಕ್ಕ ದಿನ ಎತ್ತುಗಳನ್ನು ಬಾಡಿಗೆಗೆ ಕಳಿಸಿ ಬದುಕುತ್ತಿದ್ದಳು. ಆ ಎತ್ತುಗಳೇ ಅವಳ ಅನ್ನ.

ಎಪ್ಪತ್ತೆಂಟನೇ ಇಸವಿ. ಮುಂಗಾರಿಗೆ ಮುಂಚೆ ದನದ ಡಾಕ್ಟರು ಓಂಕಾರಮೂರ್ತಿ ಗಂಟಲುಬೇನೆಯ ಚುಚ್ಚುಮದ್ದು ತೆಗೆದುಕೊಂಡು ಬಂದರು. ಮಳೆ ಹಿಡಿದ ಮೇಲೆ ಬರುವ ಬೇನೆ ಅದು. ಗಂಟಲು ಊದಿ, ಗೊರಗೊರ ಉಸಿರೆಳೆದು, ದನ ಒಂದೇ ದಿನದಲ್ಲಿ ಕಾಲು ಚಾಚುತ್ತದೆ. ಮದ್ದನ್ನು ಮುಂಚೆಯೇ ಹಾಕಿಸಬೇಕು. ಸೋಮವಾರ ಬಸವಣ್ಣನ ದಿನ, ಯಾರೂ ನೊಗ ಕಟ್ಟುವುದಿಲ್ಲ, ಎತ್ತುಗಳೆಲ್ಲ ಮನೆಯಲ್ಲೇ ಸಿಗುತ್ತವೆ ಎಂದುಕೊಂಡು ಡಾಕ್ಟರು ಸೋಮವಾರವೇ ಬಂದಿದ್ದರು. ಎಡವಿದ್ದು ಅಲ್ಲೇ.

ಊರಿನ ಯಜಮಾನ ಬೆನಕಪ್ಪ, ಗುರುಶಾಂತಮ್ಮನ ಗಂಡನ ಅಣ್ಣ, ಕಟ್ಟೆ ಬಿಟ್ಟು ಏಳಲಿಲ್ಲ. "ಸೋಮ್ವಾರ ಬಸವಣ್ಣನ ಮೈಗೆ ಕಬ್ಬಿಣ ಮುಟ್ಸಂಗಿಲ್ಲ ಸ್ವಾಮಿ. ನಾಳೆ ಬನ್ನಿ."

"ನಾಳೆ ಬೇರೆ ಊರು ಕಣ್ರೀ. ಮಳೆಗಾಲಕ್ಕೆ ಮುಂಚೆ ಇನ್ನೊಂದ್ಸಲ ಬರೋಕಾಗಲ್ಲ."

"ಹಂಗಾರೆ ಹೋಗ್ಬನ್ನಿ."

ಎಲ್ಲರೂ ತಂತಮ್ಮ ದನಗಳನ್ನು ಒಳಗೆ ಹೊಡೆದುಕೊಂಡರು. ಗುರುಶಾಂತಮ್ಮ ಮಾತ್ರ ತನ್ನ ಜೊತೆಯನ್ನು ಹೊರಗೆ ತಂದಳು.

"ನಿಂಗೆ ಬುದ್ಧಿ ನೆಟ್ಟಗೈತಾ?" ಎಂದ ಬೆನಕಪ್ಪ.

"ಇವು ಹೋದ್ರೆ ಇನ್ನೊಂದ್ ಜೊತೆ ತಂದ್ಕೊಡಾಕೆ ನಂಗೆ ಯಾರವ್ರೆ ಭಾವ?" ಎಂದು ಅವಳು ತಲೆ ತಗ್ಗಿಸಿಯೇ ಮೂಗುದಾರ ಹಿಡಿದು ನಿಂತಳು. ಡಾಕ್ಟರು ಚುಚ್ಚಿದರು. ಎತ್ತುಗಳು ಬಾಲ ಬೀಸಿದವು, ಅಷ್ಟೆ.

ಮಳೆ ಬಂತು, ಹಿಂದೆಯೇ ಬೇನೆ ಬಂತು. ಮೊದಲು ಬಿದ್ದದ್ದು ಬೆನಕಪ್ಪನ ಜೋಡೆತ್ತು. ಆಮೇಲೆ ಮನೆಮನೆಯಲ್ಲೂ ಕೊಟ್ಟಿಗೆ ಖಾಲಿಯಾಯಿತು. ಗುರುಶಾಂತಮ್ಮನ ಎತ್ತುಗಳು ಮೆಲುಕು ಹಾಕುತ್ತ ನಿಂತಿದ್ದವು. ಅವು ಬದುಕಿದ್ದೇ ಅವಳ ತಪ್ಪಾಯಿತು.

ಕಟ್ಟೆಯ ಮೇಲೆ ನ್ಯಾಯ ಸೇರಿತು. ಅವಳು ಬಸವಣ್ಣನನ್ನು ಕೆಣಕಿದ್ದಕ್ಕೇ ಊರಿಗೆ ಈ ಗತಿ ಎಂದ ಬೆನಕಪ್ಪ.

"ಮತ್ತೆ ಅವಳ ಎತ್ತು ಯಾಕೆ ಸಾಯ್ಲಿಲ್ಲ?" ಎಂದು ಕೇಳಿದ ಕಟ್ಟೆಯಂಚಿಗೆ ಕೂತಿದ್ದ ಗಿಡ್ಡಪ್ಪ.

"ತಪ್ಪು ಮಾಡ್ದೋರ್ನ ಉಳ್ಸಿ, ಕಣ್ಣಾರೆ ನೋಡ್ಸ್ತಾನೆ ಕಣೋ ಅವ್ನು."

ತಪ್ಪಿಗೆ ಆ ಜೊತೆಯನ್ನು ಬಸವಣ್ಣನ ಗುಡಿಗೆ ಬಿಡಬೇಕು, ಅದು ಊರ ಎತ್ತು, ಸರದಿ ಮೇಲೆ ಎಲ್ಲರೂ ಹೂಡಬೇಕು ಎಂದು ತೀರ್ಮಾನವಾಯಿತು. ದೇವರಿಗೆ ಬಿಟ್ಟ ಬಸವನಿಗೆ ನೊಗ ಕಟ್ಟುವುದುಂಟೇ ಎಂದು ಒಬ್ಬ ಗಂಡಸೂ ಕೇಳಲಿಲ್ಲ. ಬಿತ್ತನೆ ನಿಂತಿತ್ತಲ್ಲ.

"ನನ್ನ ಹೊಲ?" ಎಂದಳು ಗುರುಶಾಂತಮ್ಮ.

"ಕೊನೇಗೆ ನಿಂದು," ಎಂದ ಬೆನಕಪ್ಪ.

ಅವಳ ಸರದಿ ಬರುವಷ್ಟರಲ್ಲಿ ಹೊಲ ಬಿರುಕು ಬಿಟ್ಟಿತ್ತು. ಆ ವರ್ಷ ಅವಳು ಬೆನಕಪ್ಪನ ಹೊಲದಲ್ಲೇ ಕೂಲಿಗೆ ಕಳೆ ಕಿತ್ತಳು.

ನಾಳೆ ಇನ್ನೊಬ್ಬನ ಪಾಲಾಗುವ ಎತ್ತಿಗೆ ಯಾವ ಮಹಾತ್ಮ ಹಿಂಡಿ ಇಡುತ್ತಾನೆ? ಹೆಗಲು ಕಿತ್ತು ಕೀವು ಸೋರಿದರೂ ಹೂಡಿದರು. ಸೋಮವಾರ ಮಾತ್ರ ಯಾರೂ ಮುಟ್ಟಲಿಲ್ಲ. ನಮ್ಮೂರಿನ ಭಕ್ತಿಗೆ ಕುಂದು ಹೇಳುವ ಹಾಗಿಲ್ಲ. ಅಂದು ಮೈ ತೊಳೆದು, ವಿಭೂತಿ ಹಚ್ಚಿ, ಕೈ ಮುಗಿದರು. ಅದೊಂದು ದಿನ ಗುರುಶಾಂತಮ್ಮ ಹತ್ತಿರ ಹೋಗಬಹುದಿತ್ತು. ಹರಳೆಣ್ಣೆಯಲ್ಲಿ ಅರಿಶಿನ ಕಲಸಿಕೊಂಡು ಹೋಗಿ ಹೆಗಲಿಗೆ ಹಚ್ಚುತ್ತಿದ್ದಳು. ಎತ್ತು ಅವಳ ಕೈ ನೆಕ್ಕುವುದನ್ನು ನೋಡಿದಾಗ ನನಗೆ ಇಡೀ ಊರಿನ ಮೇಲೆ ಹೇಸಿಗೆಯಾಗುತ್ತಿತ್ತು.

ಹಿಂಗಾರಿನಲ್ಲಿ ಒಂದು ಎತ್ತು ಬೆನಕಪ್ಪನ ಹೊಲದಲ್ಲೇ ನೊಗದ ಸಮೇತ ಕುಸಿಯಿತು. "ಸೂಜಿ ಚುಚ್ಚಿಸ್ಕೊಂಡ ಎತ್ತು, ಇನ್ನೆಷ್ಟು ದಿನ ಬಾಳೀತು," ಎಂದ ಅವನು.

ಮರುವರ್ಷ ಡಾಕ್ಟರು ಮಂಗಳವಾರ ಬಂದರು. ಈಗ ಊರೆಲ್ಲ ಸಾಲಾಗಿ ನಿಂತಿತು, ಎಲ್ಲರ ಕೈಯಲ್ಲೂ ಸಂತೆಯಿಂದ ತಂದ ಒಂದೊಂದೇ ಹೊಸ ಎತ್ತು. ಕೊನೆಯಲ್ಲಿ ಮೂಳೆ ಎದ್ದ ಆ ಒಂಟಿ ಎತ್ತು. ಡಾಕ್ಟರು ಗುರುತು ಹಿಡಿದರು.

"ನಿಮ್ಮದಲ್ವೇನಮ್ಮ ಇದು? ಬನ್ನಿ, ಹಿಡ್ಕೊಳ್ಳಿ."

ಗುರುಶಾಂತಮ್ಮ ದೂರದಲ್ಲೇ ನಿಂತು ಸೆರಗು ಬಿಗಿ ಹಿಡಿದಳು. "ಇದಕ್ಕೆ ಹಾಕ್ಬ್ಯಾಡಿ ಸ್ವಾಮಿ," ಎಂದಳು. "ಬೇನೆ ಬಂದ್ರೆ ಒಂದೇ ದಿನದಾಗೆ ಹೋಯ್ತದೆ."

"ಹಾಕಿ ಸ್ವಾಮಿ," ಎಂದ ಬೆನಕಪ್ಪ. "ಊರ ಎತ್ತು. ಬಿತ್ನೆ ಐತೆ."

ಡಾಕ್ಟರು ಅವಳ ಮುಖ ನೋಡಿದರು, ಚುಚ್ಚಿದರು.