ಮುಚ್ಚಳ, ಮರಳು ಮತ್ತು ಮಲ್ಲಿ

ಯಾವ ಮನೆಯಲ್ಲೇ ನೋಡಿ, ಪಾತ್ರೆಗಳಿಗಿಂತ ಮುಚ್ಚಳಗಳು ಕಡಿಮೆ ಇರುತ್ತವೆ. ಕೊಳ್ಳುವಾಗ ಪ್ರತಿ ಪಾತ್ರೆಗೂ ಅದರ ಮುಚ್ಚಳವನ್ನು ಕೂರಿಸಿ, ತಿರುಗಿಸಿ, ಪರೀಕ್ಷೆ ಮಾಡಿಯೇ ತರುತ್ತೇವೆ. ಮನೆಗೆ ಬಂದ ಮೇಲೆ ಪಾತ್ರೆಗಳು ಸಂಸಾರಸ್ಥರಂತೆ ನೆಲೆ ನಿಲ್ಲುತ್ತವೆ. ಮುಚ್ಚಳಗಳು ಮಾತ್ರ ವೈರಾಗ್ಯ ಬಂದವರಂತೆ ಒಂದೊಂದಾಗಿ ಕಣ್ಮರೆಯಾಗುತ್ತವೆ. ಬೇರೆ ಊರಾಗಿದ್ದರೆ ಅವು ಕಾಶಿಗೆ ಹೋಗಿರಬೇಕೆಂದು ಸಮಾಧಾನ ಪಡಬಹುದಿತ್ತು. ನಾವಿರುವುದೇ ಕಾಶಿಯಾದ್ದರಿಂದ ನನಗೆ ಆ ಸಮಾಧಾನವೂ ಇಲ್ಲ.

ನಮ್ಮ ಮನೆ ಇರುವುದು ಶಿವಾಲದ ಒಂದು ಗಲ್ಲಿಯಲ್ಲಿ. ನಮ್ಮವರು ಪುರೋಹಿತರು; ಊರ ಕಡೆಯಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪೂಜೆ, ದರ್ಶನ ಎಲ್ಲವನ್ನೂ ಮಾಡಿಸುವುದು ಮೂರು ತಲೆಮಾರಿನ ಕಸುಬು. ಬಂದವರಿಗೆ ಕೆಳಗಿನ ಎರಡು ಕೋಣೆಗಳಲ್ಲಿ ವಸತಿ, ಮಹಡಿಯ ಮೇಲೆ ಮಡಿಯಲ್ಲಿ ಅಡುಗೆ. ಈ ವ್ಯವಸ್ಥೆಯ ಚುಕ್ಕಾಣಿ ನನ್ನದು. ನನ್ನ ತಂದೆ ಮೈಸೂರಿನ ಒಂದು ವಿದ್ಯಾರ್ಥಿನಿಲಯದ ವಾರ್ಡನ್ ಆಗಿದ್ದರು. ಏಳಲು ಒಂದು ಗಂಟೆ, ಓದಲು ಒಂದು ಗಂಟೆ, ಉಣ್ಣಲು ಒಂದು ಗಂಟೆ ಬಾರಿಸುತ್ತಿದ್ದ ಆ ಕಟ್ಟಡದಲ್ಲಿ ಬೆಳೆದ ನಾನು ಮದುವೆಯಾಗಿ ಬಂದದ್ದು, ಗಂಟೆಯೇ ಇಲ್ಲದೆ ಬರೀ ಕಣ್ಸನ್ನೆಯಿಂದ ಅದಕ್ಕಿಂತ ಬಿಗಿಯಾಗಿ ಮನೆ ನಡೆಸುತ್ತಿದ್ದ ಅತ್ತೆಯ ಕೈಕೆಳಗೆ. ಹೀಗೆ ಎರಡೆರಡು ಪದವಿ ಪಡೆದ ನಾನು ಎಪ್ಪತ್ತರ ವಯಸ್ಸಿನಲ್ಲಿ ಒಂದು ಬೆಕ್ಕಿನ ಮರಿಯ ಮುಂದೆ ನಪಾಸಾದ ಕಥೆಯನ್ನು ಸಂಕೋಚವಿಲ್ಲದೆ ಹೇಳುತ್ತೇನೆ, ಕೇಳಿ.

ಅದನ್ನು ತಂದವಳು ನನ್ನ ಮೊಮ್ಮಗಳು ಮೇಧಾ. ಹತ್ತು ವರ್ಷದವಳು. ಚಳಿಗಾಲದ ಒಂದು ಬೆಳಿಗ್ಗೆ, ಶಾಲೆಯ ಸ್ವೆಟರಿನೊಳಗಿಂದ ಕೆನೆಬಣ್ಣದ ಒಂದು ಮುಷ್ಟಿ ರೋಮವನ್ನು ಹೊರತೆಗೆದು ನನ್ನ ಮುಂದೆ ಹಿಡಿದಳು. "ಅಜ್ಜಿ, ಇಸ್‌ಕಾ ಕೋಯೀ ನಹೀ ಹೈ. ಇಲ್ಲೇ ಇರಲಿ, ಅಜ್ಜಿ." ಅದಕ್ಕೆ ಯಾರೂ ಇಲ್ಲವೆಂಬ ಸಮಾಚಾರವನ್ನು ಹಿಂದಿಯಲ್ಲೂ, ಇಲ್ಲೇ ಇರಲಿ ಎಂಬ ಬೇಡಿಕೆಯನ್ನು ಕನ್ನಡದಲ್ಲೂ ಮಂಡಿಸಿದ ಅವಳ ಚಾತುರ್ಯ ನನಗೆ ಆಗಲೇ ತಿಳಿಯಿತು. ನನ್ನ ಹತ್ತಿರ ಏನಾದರೂ ಆಗಬೇಕಿದ್ದರೆ ಮಾತ್ರ ಅವಳ ಬಾಯಲ್ಲಿ ಕನ್ನಡ ಬರುತ್ತದೆ.

ನಾನು ಬೇಡವೆನ್ನಲಿಲ್ಲ, ನಿಯಮ ಹಾಕಿದೆ. ಹದಿನೈದು ದಿನದ ಪರೀಕ್ಷೆ. ಅಷ್ಟರಲ್ಲಿ ಮರಿ ಶೌಚ ಕಲಿಯಬೇಕು, ಅಡುಗೆಮನೆಯ ಹೊಸ್ತಿಲು ದಾಟಬಾರದು, ಯಾತ್ರಿಕರ ವಸ್ತು ಮುಟ್ಟಬಾರದು. ಒಂದೇ ಒಂದು ತಪ್ಪಾದರೂ ಹಾಲಿನವನ ಕೊಟ್ಟಿಗೆಗೆ ರವಾನೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಮೆಟ್ಟಿಲ ಬಳಿ ಅಂಟಿಸಿದೆ. ನಮ್ಮವರು ಕನ್ನಡಕ ಏರಿಸಿಕೊಂಡು ಓದಿ, "ಇದಕ್ಕೆ ಅಕ್ಷರಾಭ್ಯಾಸ ಯಾವತ್ತು ಇಟ್ಕೊಂಡಿದೀಯೇ?" ಎಂದರು.

ಹೆಸರಿಟ್ಟದ್ದು ಮೇಧಾ. ಚಳಿಗಾಲದಲ್ಲಿ ಇಲ್ಲಿ ಹಾಲಿನ ನೊರೆಯಿಂದ ಮಾಡುವ ಮಲಯ್ಯೊ ಎಂಬ ತಿನಿಸು ಸಿಗುತ್ತದೆ. ಬಾಯಿಗಿಟ್ಟರೆ ಇತ್ತೋ ಇಲ್ಲವೋ ಎನ್ನುವಷ್ಟು ಹಗುರ. ಬಣ್ಣದಲ್ಲೂ ತೂಕದಲ್ಲೂ ಮರಿ ಹಾಗೆಯೇ ಇತ್ತು, ಆ ಹೆಸರನ್ನೇ ಇಟ್ಟಳು. ಆದರೆ ಮಡಿಯುಟ್ಟುಕೊಂಡು ತಿಂಡಿಯ ಹೆಸರು ಕೂಗುವುದು ನನ್ನಿಂದಾಗದು. ನಾನು ಮಲ್ಲಿ ಎಂದೆ.

ಮೊದಲ ಎರಡು ದಿನ ನನ್ನ ಆಡಳಿತಕ್ಕೆ ಭಾರಿ ಅವಮಾನವಾಯಿತು. ತಪ್ಪು ಜಾಗದಲ್ಲಿ ಕೂತದ್ದಕ್ಕೆ ಒಮ್ಮೆ ಗದರಿದೆ, ಅಷ್ಟೆ. ಮಲ್ಲಿ ಕೆಳಗಿನ ಉಗ್ರಾಣದ ಅಕ್ಕಿಡಬ್ಬದ ಹಿಂದೆ ಸೇರಿಕೊಂಡು ಒಂದಿಡೀ ಹಗಲು ಹೊರಗೆ ಬರಲಿಲ್ಲ. ಪ್ರಾಣಿವೈದ್ಯರನ್ನು ಕೇಳಿದರೆ ಅವರು ಬೆಕ್ಕಿಗೆ ಔಷಧ ಕೊಡುವ ಬದಲು ನನಗೆ ಉಪದೇಶ ಕೊಟ್ಟರು. ಒಂದೇ ಕಡೆ ಇರಲಿ, ಹಳೆಯ ಮೆತ್ತನೆಯ ಬಟ್ಟೆ ಹಾಕಿ, ಉಂಡ ಮೇಲೆ ಮತ್ತು ಎದ್ದ ಮೇಲೆ ಎತ್ತಿಕೊಂಡು ಹೋಗಿ ಮರಳಿನ ಮೇಲೆ ಬಿಡಿ, ಹಾಲು ಬೇಡ, ಗದರುವುದು ಮೊದಲೇ ಬೇಡ. ಜೊತೆಗೆ ಅದರ ಆಹಾರದ ಪೊಟ್ಟಣವೊಂದರ ಹೆಸರನ್ನೂ ಬರೆದುಕೊಟ್ಟರು. ಅದರೊಳಗೆ ಏನಿದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಮೆಟ್ಟಿಲ ತಿರುವಿನಲ್ಲಿ, ಮಡಿಯ ಗಡಿಯಿಂದ ನಾಲ್ಕು ಮೆಟ್ಟಿಲು ಕೆಳಗೆ, ಅದಕ್ಕೊಂದು ಗೂಡು ಗೊತ್ತಾಯಿತು. ದಿನಕ್ಕೆ ಆರು ಬಾರಿ ಆ ಗೂಡಿನ ಮುಂದೆ ಹಾಯುವ ನಮ್ಮವರಿಗೆ ಆ ಪೊಟ್ಟಣ ಇಂದಿಗೂ ಕಂಡಿಲ್ಲ.

ನಾವೆಯವನಿಂದ ಗಂಗೆಯ ಆಚೆ ದಡದ ಮರಳು ತರಿಸಿ ಹಳೆಯ ತಗಡಿನ ತಟ್ಟೆಗೆ ಹಾಕಿದೆ. ಊಟಕ್ಕೆ ಕರೆಯಲು ಅಪ್ಪನ ಪದ್ಧತಿಯಂತೆ ಪೂಜೆಯ ಹಳೇ ಕೈಗಂಟೆಯೊಂದನ್ನು ಬಾರಿಸತೊಡಗಿದೆ. ಇಲ್ಲಿಯೇ ನನ್ನ ಬುದ್ಧಿ ಕೈಕೊಟ್ಟದ್ದು. ಮಲ್ಲಿ ಮೂರೇ ದಿನದಲ್ಲಿ ಗಂಟೆಯೆಂದರೆ ಊಟವೆಂದು ಕಲಿತುಕೊಂಡಿತು. ಆದರೆ ಕಾಶಿಯಲ್ಲಿ ಗಂಟೆ ಬಾರಿಸುವವಳು ನಾನೊಬ್ಬಳೇ ಅಲ್ಲವಲ್ಲ! ಗಲ್ಲಿಯ ಮೂಲೆಯ ಹನುಮಂತನಿಗೆ ಗಂಟೆ, ಎದುರುಮನೆಯವರು ಠಾಕುರ್‌ಜಿ ಎಂದು ಕರೆಯುವ ಕೃಷ್ಣನಿಗೆ ಗಂಟೆ, ಸಂಜೆಯಾದರೆ ಘಾಟಿನುದ್ದಕ್ಕೂ ಗಂಟೆ. ಪ್ರತಿ ಮಂಗಳಾರತಿಗೂ ಮಲ್ಲಿ ಓಡಿಬಂದು ಖಾಲಿ ಜಾಗದ ಮುಂದೆ ಕುಳಿತು ನನ್ನನ್ನೇ ನೋಡುತ್ತಿತ್ತು. ಇಷ್ಟು ಭಕ್ತಿ ನಮ್ಮ ಮನೆಯಲ್ಲಿ ಇನ್ನಾರಿಗೂ ಇಲ್ಲವೆಂದು ನಮ್ಮವರು ಕೊಂಡಾಡಿದರು. ನಾನು ಗಂಟೆಯನ್ನು ಒಳಗಿಟ್ಟು ಚಪ್ಪಾಳೆಗೆ ಇಳಿದೆ.

ಮರಳಿನ ಪಾಠದಲ್ಲಿ ಮಾತ್ರ ಮಲ್ಲಿ ಪ್ರಥಮ ಶ್ರೇಣಿ. ಹೋಗುವುದು, ಅಗೆಯುವುದು, ಮುಗಿಸುವುದು, ಮುಚ್ಚುವುದು. ಮುಚ್ಚಿದ ಮೇಲೆ ಮೂಸಿ ನೋಡಿ ಇನ್ನೊಮ್ಮೆ ಮುಚ್ಚುವುದು. ಹತ್ತನೆಯ ದಿನದ ಹೊತ್ತಿಗೆ ನನಗೆ ಅದರ ಮೇಲೆ ಒಂದು ಬಗೆಯ ಗೌರವವೇ ಬಂದಿತ್ತು. ಮಾಡಿದ ಕೆಲಸವನ್ನು ತಿರುಗಿ ನೋಡುವ ಅಭ್ಯಾಸ ಈಗ ಯಾರಿಗಿದೆ ಹೇಳಿ.

ಹನ್ನೊಂದನೆಯ ದಿನ ತಿಪಟೂರಿನ ಸಾವಿತ್ರಮ್ಮ ಬಂದರು. ಅಕ್ಕತಂಗಿಯರಿಬ್ಬರು ಹನ್ನೆರಡು ವರ್ಷದಿಂದ ಕೂಡಿ ಹೊರಡಬೇಕೆಂದುಕೊಂಡಿದ್ದ ಯಾತ್ರೆ ಅದು. ಹೊರಡುವ ಹೊತ್ತಿಗೆ ಅಕ್ಕನ ಮೊಣಕಾಲು ಕೈಬಿಟ್ಟದ್ದರಿಂದ ತಂಗಿಯೊಬ್ಬರೇ ಇಬ್ಬರ ಪಾಲಿನದನ್ನೂ ಮಾಡುತ್ತಿದ್ದರು. ಎರಡು ಸಂಕಲ್ಪ, ಎರಡು ಬಾಗಿನ, ಎಲ್ಲವೂ ಎರಡು. ನಮ್ಮ ಕಡೆಯವರು ಮಾಡುವ ಯಾತ್ರೆಯ ಕ್ರಮ ನಿಮಗೆ ಗೊತ್ತಿರಬಹುದು. ಮೊದಲು ರಾಮೇಶ್ವರಕ್ಕೆ ಹೋಗಿ ಸಮುದ್ರದ ಮರಳನ್ನು ಪೂಜಿಸಿ ತರಬೇಕು. ಅದನ್ನು ಪ್ರಯಾಗದ ಸಂಗಮದಲ್ಲಿ ಬಿಡಬೇಕು. ಆಮೇಲೆ ಗಂಗೆಯನ್ನು ರಾಮೇಶ್ವರಕ್ಕೆ ಒಯ್ದು ಅಭಿಷೇಕ ಮಾಡಿಸಿದರೆ ಯಾತ್ರೆ ಪೂರ್ಣ. ಸಾವಿತ್ರಮ್ಮ ಅಗಲಬಾಯಿಯ ಹಿತ್ತಾಳೆ ಬೋಗುಣಿಯೊಂದರಲ್ಲಿ ಆ ಮರಳನ್ನು ಅರ್ಧಕ್ಕೆ ತುಂಬಿ, ರೈಲಿನುದ್ದಕ್ಕೂ ಮಡಿಲಲ್ಲಿಟ್ಟುಕೊಂಡು ತಂದಿದ್ದರು. ಬೋಗುಣಿಗೆ ಒಂದು ಮುಚ್ಚಳವಿತ್ತು. ಎಷ್ಟು ಒಪ್ಪವಾಗಿ ಕೂರುವ ಮುಚ್ಚಳವೆಂದರೆ, ನನಗೆ ಅದನ್ನು ನೋಡಿದ ಕೂಡಲೇ ಹೊಟ್ಟೆಕಿಚ್ಚಾಯಿತು.

ಮರುದಿನ ಮಧ್ಯಾಹ್ನ ಸಾವಿತ್ರಮ್ಮ ನಮ್ಮವರೊಂದಿಗೆ ವಿಶ್ವನಾಥನ ದರ್ಶನಕ್ಕೆ ಹೋದರು. ಮಾರನೆಯ ಬೆಳಿಗ್ಗೆ ಪ್ರಯಾಗಕ್ಕೆ ಕಾರು ಗೊತ್ತಾಗಿತ್ತು. ಅವರಿಗೆಂದು ಪಾಯಸ ಮಾಡಲು ಹಾಲು ಕಾಸಿ ಇಳಿಸಿದೆ. ಬೆಕ್ಕಿರುವ ಮನೆ, ಹಾಲು ತೆರೆದಿಡುವಂತಿಲ್ಲ. ಮುಚ್ಚಳ ಹುಡುಕಿದರೆ ಎಂದಿನಂತೆ ಒಂದೂ ಇಲ್ಲ. ಆಗ ನೆನಪಾದದ್ದು ಆ ಹಿತ್ತಾಳೆ ಮುಚ್ಚಳ. ಅತಿಥಿಯ ವಸ್ತು, ಕೇಳದೆ ಮುಟ್ಟಬಾರದು. ನಾನೇ ಬರೆದು ಅಂಟಿಸಿದ ನಿಯಮ. ಆದರೆ ನಿಯಮ ಬೆಕ್ಕಿಗೆ ತಾನೆ? ಮರಳನ್ನು ಯಾರು ಕುಡಿಯುತ್ತಾರೆ ಎಂದುಕೊಂಡು ಬೋಗುಣಿಯ ಮೇಲೆ ಒಂದು ತೆಳು ಬಟ್ಟೆ ಹೊದಿಸಿ, ಮುಚ್ಚಳ ತಂದು ಹಾಲಿಗೆ ಹಾಕಿದೆ. ಹೇಳಿ ಮಾಡಿಸಿದಂತೆ ಕೂತಿತು. ಬೆಕ್ಕಿನ ಬಾಯನ್ನಷ್ಟೇ ಯೋಚಿಸಿದ್ದ ನನಗೆ ಅದಕ್ಕೆ ನಾನೇ ಇಷ್ಟು ದಿನ ಕಲಿಸಿದ್ದ ಪಾಠ ನೆನಪಿಗೇ ಬರಲಿಲ್ಲ.

ಮೇಧಾ ಶಾಲೆಯಿಂದ ಬಂದವಳು ಕೆಳಗಿನ ಕೋಣೆಯ ಬಾಗಿಲಲ್ಲೇ ನಿಂತು, "ಅಜ್ಜಿ" ಎಂದಳು. ಹಿಂದಿಯೂ ಇಲ್ಲ, ಕನ್ನಡವೂ ಇಲ್ಲ, ಅದೊಂದೇ ಮಾತು. ಹೋಗಿ ನೋಡಿದರೆ ಮಲ್ಲಿ ರಾಮೇಶ್ವರದ ಮರಳಿನ ಮೇಲೆ ತನ್ನ ನಿತ್ಯವಿಧಿಯನ್ನು ಸಾಂಗವಾಗಿ ಮುಗಿಸಿ, ಎರಡನೆಯ ಬಾರಿ ಮುಚ್ಚುತ್ತಿತ್ತು. ನನ್ನನ್ನು ಕಂಡು ಬಾಲವೆತ್ತಿತು. ಭೇಷ್ ಎನ್ನುತ್ತಾರೆ ಎಂದು ಕಾದಿತ್ತೋ ಏನೋ; ನಾನು ದಿನವೂ ಹಾಗೆ ಅನ್ನುತ್ತಿದ್ದೆನಲ್ಲ.

ಮಲ್ಲಿಯನ್ನು ಎತ್ತಿ ಹೊರಗೆ ಬಿಟ್ಟು ಬೋಗುಣಿಯ ಮುಂದೆ ಕೂತೆ. ಆ ಹತ್ತು ನಿಮಿಷದಲ್ಲಿ ನನ್ನ ಮನಸ್ಸಿನಲ್ಲಿ ಹಾದುಹೋದದ್ದನ್ನು ಬಚ್ಚಿಡುವುದಿಲ್ಲ. ಮರಳಿಗೇನು ಬರ? ನಾವೆಯವನು ತಂದುಕೊಟ್ಟ ಚೀಲದಲ್ಲಿ ಇನ್ನೂ ಅರ್ಧ ಉಳಿದಿತ್ತು. ಬೋಗುಣಿ ತೊಳೆದು, ಅಷ್ಟೇ ಅಳತೆಯ ಮರಳು ತುಂಬಿ, ಮುಚ್ಚಳ ಹಾಕಿಬಿಟ್ಟರೆ ವಿಷಯ ನನಗೂ ಬೆಕ್ಕಿಗೂ ಬಿಟ್ಟು ಯಾರಿಗೂ ತಿಳಿಯುತ್ತಿರಲಿಲ್ಲ. ಗಂಗೆಯ ಮರಳೇ ಮರಳಿ ಗಂಗೆಗೆ ಹೋಗುತ್ತಿತ್ತು. ಆದರೆ ಆ ಹೆಂಗಸು ಎರಡು ಹಗಲು ರೈಲಿನಲ್ಲಿ ಮಡಿಲಿಂದ ಇಳಿಸದೆ ತಂದದ್ದು ಬರೀ ಮರಳಲ್ಲ.

ತಲೆಯೆತ್ತಿದರೆ ಮೇಧಾ ಇರಲಿಲ್ಲ. ತಿರುಗಿ ಬಂದಾಗ ಅವಳ ಕೈಯಲ್ಲಿ ಮಲ್ಲಿಯ ಬುಟ್ಟಿ. ಅದರಲ್ಲಿ ನನ್ನ ಹಳೇ ಸೀರೆಯ ತುಂಡು ಮಡಿಸಿಟ್ಟು, ಮೇಲೆ ಆಹಾರದ ಪೊಟ್ಟಣ. ಕೊಟ್ಟಿಗೆಗೆ ಕಳಿಸಲು ತಾನೇ ಸಿದ್ಧ ಮಾಡಿಕೊಂಡು ಬಂದಿದ್ದಳು. "ಒಂದ್ ತಪ್ಪಾಯ್ತಲ್ಲ ಅಜ್ಜಿ," ಎಂದಳು, ನನಗೆ ಇಷ್ಟವಾಗಲೆಂದು ಪೂರಾ ಕನ್ನಡದಲ್ಲಿ. ಅವಳು ಅತ್ತಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನನ್ನ ಹಾಗೆಯೇ ನಿಯಮ ಪಾಲಿಸುತ್ತಿದ್ದಳು, ಅದನ್ನು ನೋಡಲಾಗಲಿಲ್ಲ.

"ತಪ್ಪು ಅದರದ್ದಲ್ಲ, ನಂದು. ಬುಟ್ಟಿ ಕೆಳಗಿಡು," ಎಂದೆ.

ಸಂಜೆ ಸಾವಿತ್ರಮ್ಮ ಹಣೆಗೆ ವಿಭೂತಿ, ಕೈಯಲ್ಲಿ ಪ್ರಸಾದ ಹಿಡಿದು ಒಳಗೆ ಬಂದರು. ಅವರು ಕೂರುವ ಮೊದಲೇ ಎಲ್ಲವನ್ನೂ ಹೇಳಿಬಿಟ್ಟೆ. ಮುಚ್ಚಳ ತೆಗೆದದ್ದನ್ನು ಮೊದಲು, ಬೆಕ್ಕನ್ನು ಆಮೇಲೆ. ಅವರು ಬೋಗುಣಿಯ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಎಲ್ಲಾನೂ ಹೋಯ್ತಾ ಅಮ್ಮಾ?"

"ಎಲ್ಲಾನೂ."

ನಮ್ಮವರೂ ಅವರ ಹಿಂದೆಯೇ ಬಂದು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ನಲವತ್ತು ವರ್ಷ ಎಲ್ಲರ ಪಾಪಕ್ಕೂ ಪ್ರಾಯಶ್ಚಿತ್ತ ಹೇಳಿದ ಮನುಷ್ಯನಿಗೆ ಇದಕ್ಕೊಂದು ಹೊಳೆಯಲಿಲ್ಲ. ಸಾವಿತ್ರಮ್ಮ ಹಾಸಿಗೆಯ ಮೇಲೆ ಕುಳಿತು ತಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು. ಅದರ ತಳದಿಂದ ಬಟ್ಟೆಯ ಗಂಟೊಂದನ್ನು ತೆಗೆದರು. "ಇದು ನಮ್ಮಕ್ಕನ ಪಾಲು. ಅವಳ ಹೆಸರಲ್ಲಿ ಅಲ್ಲೇ ಪೂಜೆ ಮಾಡ್ಸಿದ್ದು. ಅವಳನ್ನ ಕೇಳ್ದೆ ಮುಟ್ಟಕ್ಕಾಗಲ್ಲ," ಎಂದು ಫೋನು ಹಚ್ಚಿದರು. ಕೇಳದೆ ಮುಟ್ಟುವುದಿಲ್ಲವೆಂಬ ಮಾತು ನನಗೆಂದೇ ಆಡಿದ್ದಲ್ಲ, ಆದರೂ ನಾಟಿತು.

ಅಕ್ಕನ ಕಿವಿ ಮಂದವೆಂದು ಕಾಣುತ್ತದೆ, ಫೋನಿನ ಧ್ವನಿ ಇಡೀ ಕೋಣೆಗೆ ಕೇಳುತ್ತಿತ್ತು. ತಂಗಿ ವಿಷಯವನ್ನು ಮೂರು ಸಲ ಹೇಳಬೇಕಾಯಿತು. ನಾನು ಕಣ್ಣು ಮುಚ್ಚಿಕೊಂಡೆ.

"ಹುಟ್ಟಿದಾಗ್ಲಿಂದ ನನ್ ಪಾಲು ತಿಂದ್ಕೊಂಡೇ ಬಂದೆ ಕಣೇ ಸಾವಿತ್ರಿ. ಕೊನೇಗೆ ಮರಳನ್ನೂ ಬಿಡ್ಲಿಲ್ವಾ!" ಎಂದು ಆ ಕಡೆಯಿಂದ ಗಡಸು ದನಿ ಬಂತು. ಆಮೇಲೆ ನಗು, ಕೆಮ್ಮು ಬರುವಷ್ಟು ನಗು. "ಅರ್ಧ ತಗೋ. ನೀನು ಮರಳು ತುಂಬ್ಕೊಳೋವಾಗ ಪಕ್ಕದಲ್ಲೇ ಆಡು ನಿಂತಿತ್ತು ಅಂತ ಅವತ್ತು ನೀನೇ ಹೇಳ್ಲಿಲ್ವೇನೆ? ಅದೇನು ಸುಮ್ನೆ ನಿಂತಿರುತ್ತಾ? ಅದ್ಸರಿ, ಬೆಕ್ಕಿನ್ ಮರಿ ಗಂಡೋ ಹೆಣ್ಣೋ?"

"ಹೆಣ್ಣು!" ಎಂದು ಮೇಧಾ ಇಲ್ಲಿಂದಲೇ ಕೂಗಿದಳು.

"ಒದ್ದು ಗಿದ್ದು ಓಡಿಸ್ಬಿಟ್ಟೀರ ಮತ್ತೆ. ಕಾಶೀಲಿ ಹುಟ್ಟಿರೋ ಜೀವ."

ಆಗ ಸಾವಿತ್ರಮ್ಮ ನಕ್ಕರು. ಕಣ್ಣಲ್ಲಿ ನೀರೂ ಇತ್ತು. ಅದು ನಗುವಿನದೆಂದು ಹೇಳಿ ಒರೆಸಿಕೊಂಡರು. ನಾನು ನಂಬಿದೆನೆಂದು ಹೇಳಲಾರೆ.

ಮಾರನೆಯ ಬೆಳಿಗ್ಗೆ ನಮ್ಮವರು ಗಂಟಿನ ಮರಳನ್ನು ಎರಡು ಮಾಡಿ, ಎರಡಕ್ಕೂ ಮತ್ತೆ ಮಂತ್ರ ಹೇಳಿ ಪೂಜೆ ಮಾಡಿದರು. ವಿಶ್ವನಾಥ ಗಲ್ಲಿಯ ಅಂಗಡಿ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ ನಾನು ತಾಮ್ರದ ಎರಡು ಪುಟ್ಟ ಭರಣಿ ತಂದೆ. ಮುಚ್ಚಳ ಕೂರಿಸಿ, ತಿರುಗಿಸಿ, ನಾಲ್ಕು ಸಲ ನೋಡಿ. ಕಾರು ಹತ್ತುವಾಗ ಸಾವಿತ್ರಮ್ಮ, "ಆ ಬೋಗುಣಿ ಮಾತ್ರ ನಿಮಗೇ ಇರ್ಲಿ ತಾಯಿ, ನಾನು ಇನ್ನ ಅದ್ರಲ್ಲಿ ಏನೂ ಮಾಡಕ್ಕಾಗಲ್ಲ," ಎಂದರು. ಹಾಳಾದ ಮರಳನ್ನು ಹಿತ್ತಲ ಬೇವಿನ ಬುಡಕ್ಕೆ ಹಾಕಿದೆ. ಗೋಡೆಯ ಮೇಲಿನ ಹಾಳೆಯಲ್ಲಿ ಮೇಧಾ ಪೆನ್ಸಿಲಿನಿಂದ ಒಂದು ಸಾಲು ಸೇರಿಸಿದ್ದಾಳೆ. ಯಾತ್ರಿಕರ ವಸ್ತುವನ್ನು ಅಜ್ಜಿಯೂ ಮುಟ್ಟಬಾರದು. ಕಾಗುಣಿತ ತಪ್ಪಿದೆ. ತಿದ್ದಿಲ್ಲ.

ಹದಿನೈದನೆಯ ದಿನ ಬಂತು, ಹೋಯಿತು. ಯಾರೂ ಅದರ ಮಾತೆತ್ತಲಿಲ್ಲ.

ನಮ್ಮ ಮನೆಯಲ್ಲಿ ಈಗಲೂ ಪಾತ್ರೆಗಳಿಗಿಂತ ಮುಚ್ಚಳಗಳು ಕಡಿಮೆ. ಆದರೆ ಒಂದು ಮುಚ್ಚಳ ಎಲ್ಲಿದೆ ಎಂಬುದು ಮಾತ್ರ ನನಗೆ ಖಂಡಿತ ಗೊತ್ತು. ಬೋಗುಣಿಯಂತೂ ಮಲ್ಲಿಯ ತಟ್ಟೆಯ ಮರಳು ಬದಲಾಯಿಸುವ ಕೆಲಸಕ್ಕೆ ಸೇರಿಕೊಂಡಿತು. ಒಪ್ಪವಾಗಿ ಕೂರುತ್ತಿದ್ದ ಆ ಹಿತ್ತಾಳೆ ಮುಚ್ಚಳವನ್ನು ಮೆಟ್ಟಿಲ ತಿರುವಿನಲ್ಲಿ ಅಂಗಾತ ಇಟ್ಟಿದ್ದೇನೆ. ಅಂಗಾತ ಇಟ್ಟರೆ ಅದೊಂದು ಚೆಂದದ ತಟ್ಟೆ ಎಂದು ಐವತ್ತು ವರ್ಷ ಮುಚ್ಚಳ ಹುಡುಕಿದ ನನಗೆ ಹೊಳೆದೇ ಇರಲಿಲ್ಲ. ಸಂಜೆ ಚಪ್ಪಾಳೆ ತಟ್ಟಿದರೆ ಮಲ್ಲಿ ಬಂದು ಅದರಲ್ಲಿ ಉಣ್ಣುತ್ತದೆ. ಉಂಡ ಮೇಲೆ ಒಂದಿಷ್ಟೂ ಉಳಿಸದೆ ನೆಕ್ಕಿ, ತಿರುಗಿ ಮೂಸಿ, ಇನ್ನೊಮ್ಮೆ ನೆಕ್ಕುತ್ತದೆ.