ಯುದ್ಧವಿಮಾನದ ನಿವೃತ್ತಿಗೆ ಬಿರಿಯಾನಿ ಊಟ

ಮೊನ್ನೆ ಭಾನುವಾರ ನಮ್ಮ ಸಿದ್ಧಾರ್ಥನಗರದಲ್ಲಿ ಒಂದು ಯುದ್ಧವಿಮಾನದ ನಿವೃತ್ತಿಗೆ ಬಿರಿಯಾನಿ ಊಟ ನಡೆಯಿತು. ಊಟ ಹಾಕಿಸಿದ್ದು ವಾಯುಪಡೆಯಲ್ಲ, ನಮ್ಮ ಪಕ್ಕದ ಮನೆಯ ಸ್ಟೆಲ್ಲಕ್ಕ.

ನಗಬೇಡಿ. ಮನುಷ್ಯರು ರಿಟೈರ್ ಆದರೆ ಹಾರ ಹಾಕಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು ಕಳಿಸುತ್ತೇವೆ. ವಿಮಾನಕ್ಕೆ ಏನು ಕೊಡುವುದು? ಅದರ ಹೆಸರು ಹೇಳಿಕೊಂಡು ನಾವೇ ಊಟ ಮಾಡಬೇಕು, ಅಷ್ಟೆ.

ಸ್ಟೆಲ್ಲಕ್ಕ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ಅವರ ಗಂಡ ವಿನ್ಸೆಂಟ್ ಅವರದು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ. (ನಮ್ಮ ಬಡಾವಣೆಯ ಅರ್ಧ ಮನೆಗಳಲ್ಲಿ ಚಾಮುಂಡಿ, ಯೇಸು, ತೀರಿಹೋದ ತಾತಂದಿರು ಎಲ್ಲರೂ ಗೋಡೆಯ ಮೇಲೆ ಸೊಟ್ಟಗಾಗದೆ ನಿಂತಿರುವುದು ವಿನ್ಸೆಂಟ್ ಅವರ ಕೃಪೆಯಿಂದ.) ಒಬ್ಬನೇ ಮಗ ರೋಷನ್. ವಾಯುಪಡೆಯಲ್ಲಿ ಫೈಟರ್ ಪೈಲಟ್. ಇವರೆಲ್ಲರ ಹೆಸರು ಬದಲಿಸಿದ್ದೇನೆ. ಆ ಷರತ್ತಿನ ಮೇಲೆಯೇ ಬರೆಯಲು ಒಪ್ಪಿಗೆ ಸಿಕ್ಕಿದ್ದು.

ರೋಷನ್ ಹಾರಿಸುತ್ತಿದ್ದದ್ದು ಅವನ ಅಪ್ಪ ಹುಡುಗನಾಗಿದ್ದ ಕಾಲದಿಂದಲೂ ಹಾರುತ್ತಿದ್ದ ಮಾದರಿಯ ಫೈಟರ್. ಆ ಕಾಲದ ರೇಡಿಯೋ ಯಾರ ಮನೆಯಲ್ಲಾದರೂ ಇದೆಯೇ? ಇದ್ದರೂ ಷೋಕೇಸಿನಲ್ಲಿ ಇರುತ್ತದೆ. ಈ ವಿಮಾನ ಮಾತ್ರ ಆಕಾಶದಲ್ಲಿತ್ತು. ಆಗಾಗ ಒಂದೊಂದು ಬೀಳುತ್ತಲೂ ಇತ್ತು.

ಹಾಗಾಗಿ ಸ್ಟೆಲ್ಲಕ್ಕ ಟಿವಿಯಲ್ಲಿ ನ್ಯೂಸ್ ನೋಡುವುದನ್ನೇ ಬಿಟ್ಟಿದ್ದರು. ಬದಲಿಗೆ ಬೆಳಿಗ್ಗೆ ಗಿಡಕ್ಕೆ ನೀರು ಹಾಕುವಾಗ ಕಾಂಪೌಂಡಿನ ಆಚೆಯಿಂದ ನನ್ನನ್ನು ಕೇಳುತ್ತಿದ್ದರು. “ಸುಜಾತ, ನ್ಯೂಸ್‌ನಲ್ಲಿ ಏನಾದ್ರೂ ಇದ್ಯಾ?”

“ಏನೂ ಇಲ್ಲ ಸ್ಟೆಲ್ಲಕ್ಕ.”

ಅಷ್ಟೇ ಮಾತು. ವಿಮಾನ ಎಂಬ ಪದ ಇಬ್ಬರ ಬಾಯಲ್ಲೂ ಬರುತ್ತಿರಲಿಲ್ಲ. ಸರ್ಕಾರ ಬಿದ್ದರೂ, ಚಿನ್ನದ ರೇಟು ಗಗನಕ್ಕೇರಿದರೂ ನನ್ನ ಉತ್ತರ ‘ಏನೂ ಇಲ್ಲ’. ಅವರಿಗೆ ಬೇಕಿದ್ದ ನ್ಯೂಸ್ ಅದೊಂದೇ.

ಕೊನೆಗೂ ಆ ಫೈಟರುಗಳಿಗೆ ಬೀಳ್ಕೊಡುಗೆ ಆಯಿತು. ಸುದ್ದಿ ತಿಳಿದ ಕೂಡಲೇ ಸ್ಟೆಲ್ಲಕ್ಕ ಚರ್ಚಿಗೆ ಹೋಗಿ ಕೃತಜ್ಞತಾ ಪೂಜೆಗೆ ಹೇಳಿದರಂತೆ. “ಯಾರ ಹೆಸರಿನಲ್ಲಮ್ಮಾ?” ಎಂದು ಫಾದರ್ ಕೇಳಿದ್ದಾರೆ.

“ಒಂದು ವಿಮಾನದ ಹೆಸರಿನಲ್ಲಿ ಫಾದರ್. ರಿಟೈರ್ ಆಯ್ತು.”

ಫಾದರ್ ಒಂದು ಕ್ಷಣ ಕನ್ನಡಕ ತೆಗೆದು ಒರೆಸಿಕೊಂಡು, ‘ಒಂದು ಕುಟುಂಬದ ಕೋರಿಕೆಯ ಮೇರೆಗೆ’ ಎಂದು ಬರೆದುಕೊಂಡರಂತೆ. ಜಾಣರು.

ರೋಷನ್ ರಜೆಯ ಮೇಲೆ ಬಂದ. ನನಗೂ ನಮ್ಮ ಯಜಮಾನರಿಗೂ ಊಟಕ್ಕೆ ಕರೆ ಬಂತು. ಹೋಗಿ ನೋಡಿದರೆ ಒಂದೇ ಮನೆಯಲ್ಲಿ ಎರಡು ಹವಾಮಾನ. ತಾಯಿಗೆ ನಾಮಕರಣದ ಸಡಗರ. ಮಗ ಸಾವಿನ ಮನೆಯಿಂದ ಬಂದವನಂತೆ ಕಿಟಕಿಯ ಹತ್ತಿರ ಕೂತಿದ್ದ.

“ಯಾಕಪ್ಪಾ ಹೀಗಿದ್ದೀಯ?” ಎಂದೆ.

“ಏನಿಲ್ಲ ಆಂಟಿ. ಸ್ಕ್ವಾಡ್ರನ್‌ಗೆ ಹೋದಾಗಿಂದ ಹಾರಿಸಿದ್ದು ಅದನ್ನೇ. ಕೊನೇ ಸಲ ಇಳಿಸಿ ಇಂಜಿನ್ ಆಫ್ ಮಾಡಿದ್ಮೇಲೆ ಕೆಳಗಿಳಿಯೋಕೇ ಮನಸ್ಸು ಬರಲಿಲ್ಲ.”

ಅಡುಗೆಮನೆಯಿಂದಲೇ ಸ್ಟೆಲ್ಲಕ್ಕ ಹೇಳಿದರು. “ನಂಗೆ ಮಾತ್ರ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು ಕಣಪ್ಪಾ.”

ಅಷ್ಟರಲ್ಲಿ ವಿನ್ಸೆಂಟ್ ಮಂಚದ ಹಿಂದಿನಿಂದ ಪೇಪರ್ ಸುತ್ತಿದ ಏನನ್ನೋ ಮೆಲ್ಲಗೆ ಹೊರತೆಗೆದರು. ಬಿಚ್ಚಿದರೆ ಅದೇ ವಿಮಾನದ ದೊಡ್ಡ ಫೋಟೋ, ತೇಗದ ಫ್ರೇಮಿನಲ್ಲಿ. ಅಪ್ಪ ಮಗ ಸೇರಿ ಗುಟ್ಟಾಗಿ ಮಾಡಿಸಿದ್ದರು. ಹಾಲ್‌ನಲ್ಲಿ ಹಾಕುವ ಪ್ಲಾನು.

ಸ್ಟೆಲ್ಲಕ್ಕ ಸೌಟು ಹಿಡಿದೇ ಹೊರಗೆ ಬಂದರು. “ಅದು ನನ್ನ ಮನೆ ಗೋಡೆ ಮೇಲೆ ಬೇಡ.”

“ಮಮ್ಮಿ, ಬರೀ ಫೋಟೋ.”

“ಇಷ್ಟು ವರ್ಷ ನನ್ನ ಬಿಪಿ ಏರಿಸಿದ್ದನ್ನ ನಾನೇ ಗೋಡೆಗೆ ಹಾಕ್ಕೊಂಡು ದಿನಾ ನೋಡ್ಲಾ? ಬೇಕಾದ್ರೆ ಅಂಗಡೀಲಿ ಇಟ್ಕೊಳ್ಳಿ.”

ವಿನ್ಸೆಂಟ್ ನಮ್ಮ ಕಡೆ ನೋಡಿದರು. ನಾವು ಫ್ಯಾನ್ ನೋಡಿದೆವು. ಪಕ್ಕದ ಮನೆಯವರು ಇಂಥ ಹೊತ್ತಿನಲ್ಲಿ ಇನ್ನೇನು ನೋಡಬೇಕು, ಹೇಳಿ?

ಆಗ ರೋಷನ್ ತಲೆ ಎತ್ತದೆ ಮಾತಾಡಿದ. “ಮಮ್ಮಿ, ಒಂದ್ಸಲ ಮೇಲೆ ಹೋದ ಸ್ವಲ್ಪ ಹೊತ್ತಿಗೇ ಹಕ್ಕಿ ಬಡಿದುಬುಡ್ತು. ಇರೋದೇ ಒಂದು ಇಂಜಿನ್. ಅದೂ ಅರ್ಧ ಸತ್ತಿತ್ತು. ಪ್ಲೇನ್ ಬಿಟ್ಟು ಪ್ಯಾರಾಚೂಟ್‌ನಲ್ಲಿ ಹಾರಿಕೋ ಅಂತ ರೇಡಿಯೋದಲ್ಲಿ ಹೇಳ್ತಾನೇ ಇದ್ರು. ಕೆಳಗೆ ಊರಿತ್ತು, ಹಾರಿಕೊಳ್ಳಲಿಲ್ಲ. ಕೆಮ್ಮಿಕೊಂಡು, ಅಲ್ಲಾಡಿಕೊಂಡು ಅದು ನನ್ನನ್ನ ರನ್‌ವೇ ತನಕ ತಂದು ಬಿಡ್ತು.”



“ಯಾವಾಗ?” ಎಂದರು ಸ್ಟೆಲ್ಲಕ್ಕ.

“ಅವತ್ತು ಸಂಜೆ ಫೋನ್ ಮಾಡಿ, ಮೆಣಸಿನ ಸಾರು ಹೇಗೆ ಮಾಡೋದು ಅಂತ ಕೇಳಿದ್ನಲ್ಲ, ಅವತ್ತು.”

ಸ್ಟೆಲ್ಲಕ್ಕನಿಗೆ ಆ ಫೋನ್ ನೆನಪಿತ್ತು. ನನಗೂ ನೆನಪಿದೆ. ‘ಅಡುಗೆ ಮಾಡದವನು ಸಾರು ಕೇಳ್ತಾನೆ ಅಂದ್ರೆ ಯಾವುದೋ ಹುಡುಗಿ ಸಿಕ್ಕಿದ್ದಾಳೆ’ ಎಂದು ಕಾಂಪೌಂಡಿನ ಹತ್ತಿರ ಇಬ್ಬರೂ ನಕ್ಕಿದ್ದೆವು. ಹುಡುಗ ಅವತ್ತು ಸಾವಿನ ಬಾಗಿಲಿನಿಂದ ವಾಪಸ್ ಬಂದು, ಅಮ್ಮನ ದನಿ ಕೇಳಲು ಒಂದು ನೆಪ ಹುಡುಕಿದ್ದ.

ಅವರು ಸೌಟನ್ನು ಟೇಬಲ್ಲಿನ ಮೇಲಿಟ್ಟರು. ಫೋಟೋ ಎತ್ತಿಕೊಂಡು ಸೆರಗಿನಿಂದ ಗಾಜು ಒರೆಸಿದರು. ಮಗನ ಕೆನ್ನೆಯನ್ನೂ ಅದೇ ಸೆರಗಿನಿಂದ ಒರೆಸಿದರು. ಆಮೇಲೆ ಗಂಡನಿಗೆ, “ಮೊಳೆ ತನ್ನಿ” ಎಂದರು.

ಯೇಸುವಿನ ಫೋಟೋಕ್ಕೆ ಸ್ವಲ್ಪ ಕೆಳಗೆ, ರೋಷನ್ ಚಿಕ್ಕವನಿದ್ದಾಗ ಚರ್ಚಿನಲ್ಲಿ ಮೊದಲ ಪರಮಪ್ರಸಾದ ಪಡೆದ ದಿನದ ಫೋಟೋ ಪಕ್ಕದಲ್ಲಿ ಯುದ್ಧವಿಮಾನ ನಿಂತಿತು. ನಾವು ಊಟಕ್ಕೆ ಕೂತೆವು.

ಬಿರಿಯಾನಿ ಹೇಗಿತ್ತು ಎಂದು ಕೇಳಬೇಡಿ. ಎರಡನೇ ಸಲ ಬಡಿಸಿಕೊಂಡ ಮೇಲೆ ನಮ್ಮ ಯಜಮಾನರಿಗೆ ಮಾತು ಬಂತು. (ಅವರು ಆಡಿಟ್ ಆಫೀಸಿನಲ್ಲಿದ್ದವರು. ಹೊಟ್ಟೆ ತುಂಬಿದರೆ ಆಕ್ಷೇಪಣೆ ತಾನಾಗಿ ಹೊರಬರುತ್ತದೆ.)

“ಅಲ್ಲಪ್ಪಾ ರೋಷನ್, ಒಂದು ಹೊಸ ಫೈಟರ್ ದುಡ್ಡಲ್ಲಿ ಒಂದು ದೊಡ್ಡ ಆಸ್ಪತ್ರೆ ಕಟ್ಟಬಹುದಂತೆ. ಹಳೇದನ್ನೇ ಇನ್ನೊಂದಷ್ಟು ವರ್ಷ ರಿಪೇರಿ ಮಾಡ್ಕೊಂಡು ಓಡಿಸಿದ್ರೆ ಆಗ್ತಿರಲಿಲ್ವಾ?”

ಮೇಜಿನ ಕೆಳಗೆ ನಾನು ಅವರ ಕಾಲು ತುಳಿದೆ. ತಡವಾಗಿತ್ತು.

ರೋಷನ್ ಬೇಜಾರು ಮಾಡಿಕೊಳ್ಳಲಿಲ್ಲ. “ರಿಪೇರಿ ಮಾಡ್ಕೊಂಡೇ ಅಂಕಲ್ ಇಷ್ಟು ದಿನ ಓಡಿಸಿದ್ದು. ಪಾರ್ಟ್ಸ್ ಮಾಡೋರೇ ಈಗಿಲ್ಲ. ಒಂದನ್ನ ಹಾರಿಸೋಕೆ ಇನ್ನೊಂದನ್ನ ಬಿಚ್ಚಬೇಕು. ಹಾರೋದು ಕಮ್ಮಿ, ಶೆಡ್‌ನಲ್ಲಿ ನಿಲ್ಲೋದು ಜಾಸ್ತಿ. ಹಳೇದೇನು ಪುಕ್ಸಟ್ಟೆ ಹಾರುತ್ತಾ?”

“ಹಂಗಾದ್ರೆ ಮೊದ್ಲೇ ಹೊಸದು ತಗೋಬೇಕಿತ್ತು.”

“ತಗೋಬೇಕು ಅಂತ ಮಾತು ಶುರುವಾದಾಗ ನಾನು ನಿಕ್ಕರ್ ಹಾಕ್ಕೊಂಡು ಸ್ಕೂಲಿಗೆ ಹೋಗ್ತಿದ್ದೆ. ರೇಟು ಜಾಸ್ತಿ ಅಂತ ಚೌಕಾಸಿ ಮಾಡ್ತಾ ಕೂತ್ರು. ಕೂತಷ್ಟೂ ರೇಟು ಏರ್ತು. ನಮ್ಮಲ್ಲೇ ಮಾಡೋಣ ಅಂದ್ರೆ ಇಂಜಿನ್ ಹೊರಗಿಂದ ಬರಬೇಕು. ಇದೆಲ್ಲ ಪೇಪರ್‌ನಲ್ಲೇ ಬಂದಿರೋದು ಅಂಕಲ್, ನಾನೇನೂ ಗುಟ್ಟು ಹೇಳ್ತಿಲ್ಲ.”

ಯಜಮಾನರ ಆಸ್ಪತ್ರೆಯ ಮಾತು ತಪ್ಪು ಎಂದು ನಾನು ಹೇಳಲಾರೆ. ಫೈಟರೇ ಬೇಡದ ಲೋಕ ಇದ್ದಿದ್ದರೆ ನಾನೂ ಆಸ್ಪತ್ರೆಗೇ ಓಟು ಹಾಕುತ್ತಿದ್ದೆ. ಆದರೆ ಹುಡುಗರನ್ನು ಮೇಲೆ ಕಳಿಸುವುದನ್ನು ನಾವು ನಿಲ್ಲಿಸಿಲ್ಲವಲ್ಲ? ಕಳಿಸುತ್ತಲೇ ಇದ್ದೇವೆ. ಯಾವುದರಲ್ಲಿ ಕೂರಿಸಿ ಕಳಿಸುತ್ತೇವೆ ಎನ್ನುವುದಷ್ಟೇ ಪ್ರಶ್ನೆ.

ಮಾತು ಹಗುರ ಮಾಡೋಣ ಎಂದುಕೊಂಡು ನಾನೇ ಬಾಯಿ ಹಾಕಿದೆ. “ಹೋಗ್ಲಿ ಬಿಡಪ್ಪಾ. ಇನ್ಮೇಲೆ ಹೊಸದು ತಾನೇ ನೀನು ಹಾರಿಸೋದು?”

ರೋಷನ್ ಮೊಸರುಬಜ್ಜಿ ಬಡಿಸಿಕೊಂಡ. ನಿಧಾನವಾಗಿ ಕಲಸಿದ. “ಹೊಸದು ಅಂತಲ್ಲ ಆಂಟಿ. ಬೇರೇದು.”

ಸ್ಟೆಲ್ಲಕ್ಕನ ಕೈ ತಟ್ಟೆಯ ಮೇಲೆ ನಿಂತಿತು. “ಬೇರೇದು ಅಂದ್ರೆ? ಅದಕ್ಕೆಷ್ಟು ವಯಸ್ಸು?”

“ಹೊಸದು ಬರೋ ತನಕ ಅಷ್ಟೇ ಮಮ್ಮಿ.”

“ವಯಸ್ಸೆಷ್ಟು ಅಂತ ಕೇಳಿದೆ.”

“ನಂಗಿಂತ ದೊಡ್ಡದು.”

“ನಿಮ್ಮಪ್ಪಂಗಿಂತ?”

“ಛೆ, ಅಷ್ಟೊಂದಿಲ್ಲ. ಅದಕ್ಕೆ ಎರಡು ಇಂಜಿನ್ ಇದೆ ಮಮ್ಮಿ.”

ವಿನ್ಸೆಂಟ್ ಮೊದಲು ನಕ್ಕರು. ಆಮೇಲೆ ನಮ್ಮ ಯಜಮಾನರು. ಸ್ಟೆಲ್ಲಕ್ಕ ನಗಲಿಲ್ಲ. ಎದ್ದು ಒಳಗೆ ಹೋದರು.

ಅಳುತ್ತಿರಬಹುದು ಎಂದು ನಾನು ಹಿಂದೆಯೇ ಹೋದೆ. ಅವರು ಸ್ಟೂಲ್ ಹತ್ತಿ, ಅಟ್ಟದ ಮೇಲಿಂದ ಕೇಕಿನ ಟ್ರೇಗಳನ್ನು ಇಳಿಸುತ್ತಿದ್ದರು. ಕ್ರಿಸ್‌ಮಸ್ಸಿಗೆ ಮಾತ್ರ ಇಳಿಯುವ ಟ್ರೇಗಳು.

“ಇದ್ಯಾಕೆ ಈಗ?” ಎಂದೆ.

ಅವರು ಉತ್ತರ ಕೊಟ್ಟಿದ್ದು ಹಾಲ್‌ನಲ್ಲಿದ್ದ ಮಗನಿಗೆ. “ರೋಷನ್, ಆ ಪ್ಲೇನ್ ಚೆಕ್ ಮಾಡಿ ಮೇಲೆ ಬಿಡೋರು ಎಷ್ಟು ಜನ?”

“ಯಾಕೆ ಮಮ್ಮಿ?”

“ಕೇಕ್ ಕಳಿಸ್ತೀನಿ. ಇಂಜಿನ್ ನೋಡೋರಿಗೆ ಒಂದು ಜಾಸ್ತಿ.”

“ನಾನಿನ್ನೂ ಅಲ್ಲಿಗೆ ಹೋಗೇ ಇಲ್ಲ. ಅವರ ಹೆಸರೂ ಗೊತ್ತಿಲ್ಲ.”

“ಕೇಕ್ ಕೊಡು, ಗೊತ್ತಾಗುತ್ತೆ.”

ಮಾರನೇ ದಿನವಿಡೀ ಅವರ ಮನೆಯಿಂದ ಬೆಣ್ಣೆ, ಏಲಕ್ಕಿ ವಾಸನೆ. ದ್ರಾಕ್ಷಿ, ಗೋಡಂಬಿ ಹೆಚ್ಚಿಕೊಟ್ಟವಳು ನಾನು. ಡಬ್ಬಗಳಿಗೆ ಕಟ್ಟು ಹಾಕಿಕೊಟ್ಟವರು ವಿನ್ಸೆಂಟ್, ಫೋಟೋ ಪ್ಯಾಕ್ ಮಾಡುವ ರಟ್ಟಿನಲ್ಲಿ. ಆಸ್ಪತ್ರೆಯ ಪರವಾಗಿ ವಾದಿಸಿದ್ದ ನಮ್ಮ ಯಜಮಾನರೇ ಅವನ್ನೆಲ್ಲ ಕಾರಿನಲ್ಲಿಟ್ಟುಕೊಂಡು ಹುಡುಗನನ್ನು ಸ್ಟೇಷನ್ನಿಗೆ ಬಿಟ್ಟುಬಂದರು. ರೋಷನ್‌ನ ಬಟ್ಟೆ ಒಂದು ಬ್ಯಾಗು, ಕೇಕು ಎರಡು ಬ್ಯಾಗು. ಹೋಗುವಾಗ ಹುಡುಗ ನಗುತ್ತಲೇ ಹೋದ.

ತಲುಪಿದ ಮೇಲೆ ಫೋನ್ ಮಾಡಿದ್ದನಂತೆ. ಇಂಜಿನ್ ನೋಡುವ ತಂಡದ ಹಿರಿಯರೊಬ್ಬರು ಕೇಕು ತಿಂದು, “ನಿಮ್ಮ ತಾಯಿಗೆ ಹೇಳಪ್ಪಾ, ನಟ್ಟು ಬೋಲ್ಟು ಎರಡೆರಡು ಸಲ ನೋಡ್ತೀವಿ” ಎಂದರಂತೆ. ಕೇಕು ಬರುವ ಮೊದಲೂ ಅವರು ಹಾಗೇ ನೋಡುತ್ತಿದ್ದರು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಸ್ಟೆಲ್ಲಕ್ಕನಿಗೂ ಇಲ್ಲ. ಆದರೂ ಈಗ ಅವರು ಎರಡನೇ ಕಂತಿಗೆ ಮೈದಾ ತರಿಸಿದ್ದಾರೆ.

ಹೊಸ ವಿಮಾನಕ್ಕೆ ಇಷ್ಟೊಂದು ಖರ್ಚಾ ಎಂದು ನಾವೆಲ್ಲ ಹುಬ್ಬೇರಿಸುತ್ತೇವೆ, ಸರಿ. ಹಳೆಯದರ ಖರ್ಚನ್ನು ಒಬ್ಬ ತಾಯಿ ಒಲೆಯ ಮುಂದೆ ನಿಂತು ತೀರಿಸುತ್ತಿದ್ದಾಳಲ್ಲ, ಅದನ್ನು ಯಾವ ಬಜೆಟ್ಟಿನಲ್ಲಿ ತೋರಿಸುತ್ತೀರಿ ಸ್ವಾಮಿ?