ಉಡಿಯಲ್ಲಿ ಇಟ್ಟ ಪಟಗಾ

ಬೆಳಿಗ್ಗೆ ಎಮ್ಮೆ ಹಿಂಡಿದೆ, ರೊಟ್ಟಿ ಬಡಿದೆ, ಬುತ್ತಿ ಕಟ್ಟಿದೆ, ಮಾವನವರ ಕೋಲಿನ ತುದಿ ಹಿಡಿದು ದಿಗ್ಗೇವಾಡಿಯಿಂದ ರಾಯಬಾಗದ ಬಸ್ಸು ಹತ್ತಿಸಿ ನಾನೂ ಹತ್ತಿದೆ. ಅಲ್ಲಿಯ ಶಾಲೆಯಲ್ಲಿ ಸರಕಾರದವರು ವಯಸ್ಸಾದವರಿಗೆ ಪುಕ್ಕಟೆ ಕಣ್ಣಿನ ಆಪರೇಶನ್ ಶಿಬಿರ ಹಾಕಿದ್ದರು. ಪೊರೆ ಬಂದು ಮಾವನವರಿಗೆ ಮೊಮ್ಮಕ್ಕಳ ಮುಖವೂ ಕಾಣುತ್ತಿರಲಿಲ್ಲ.

"ಅಜ್ಜಾರ, ಪಟಗಾ ತಗೀರಿ" ಎಂದಳು ನರ್ಸು, ಮಾವನವರ ತಲೆಗೆ ಸುತ್ತಿದ್ದ ರುಮಾಲು ತೋರಿಸಿ.

"ಮಂದಿ ಮುಂದ ತಲಿ ಬರಿದ ಮಾಡೂದು ಸತ್ತವರ ಮನ್ಯಾಗ. ಕುರುಡ ಇದ್ರೂ ಚಲೋ, ನಡಿಯವ್ವಾ ಮನಿಗೆ!" ಎಂದು ಮಾವ ಎದ್ದೇಬಿಟ್ಟರು. ಸಾಲಿನಲ್ಲಿದ್ದ ಉಳಿದ ಹಿರಿಯರೂ ಎದ್ದರು. ಡಾಕ್ಟರು ಗಾಬರಿಯಾಗಿ ನನ್ನ ಮುಖ ನೋಡಿದರು.

"ಪಟಗಾ ನೆಲಕ್ಕ ಇಡಂಗಿಲ್ರಿ ಡಾಕ್ಟರ್. ಮಾವಾರ, ಉಡಿ ತುಂಬೂದು ಶುಭದ ಕೆಲಸರಿ, ನನ್ನ ಉಡಿಯಾಗ ಕೊಡ್ರಿ" ಎಂದು ಸೆರಗು ಒಡ್ಡಿದೆ. ಮಾವ ತುಸು ತಡೆದು, ಸುತ್ತು ಬಿಚ್ಚದೆ ಹಾಗೇ ಎತ್ತಿ ಇಟ್ಟರು. ಹಿಂದೆಯೇ ಉಳಿದವರ ಬಿಳಿ, ಗುಲಾಬಿ ಪಟಗಾಗಳೂ ಬಂದವು.

"ಒಂದ ದಿನದಾಗ ಎಷ್ಟ ಮಂದಿಗೆ ಸೊಸಿ ಆದಿ ಬೇ!" ಎಂದು ಒಬ್ಬಜ್ಜ ನಕ್ಕ.

"ಮುಂದಿನ ಶಿಬಿರಕ್ಕ ಪಟಗಾ ಇಡಾಕಂತನ ಒಂದ ಮಂಚ ಹಾಕಸ್ತೀವ್ರಿ" ಎಂದರು ಡಾಕ್ಟರು. ಉಡಿ ತುಂಬಿಕೊಂಡು ಕುಳಿತಿದ್ದ ನನ್ನ ಬೆನ್ನು ತಾನೇ ನೆಟ್ಟಗಾಯಿತು.

ಸಂಜೆ ಆಪರೇಶನ್ ಮುಗಿದ ಮೇಲೆ ಅವರವರ ಪಟಗಾ ಅವರವರಿಗೆ ಕೊಟ್ಟೆ. ಶಾಲೆಯಲ್ಲೇ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಉಂಡೆವು. ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಮಾವನವರೇ ಮೊದಲು ಮಲಗಿದರು.